ಕೇಕಿನ್ಯಾಗ ಕಾಫಿ

ಪೇರಲ ಧಾರವಾಡದ್ದು, ಬುಟ್ಟಿ ಹೊತ್ತು ಬರಾಕಿ
ಕಿಲೋಕ್ಕ ಎರಡು ಹೆಚ್ಚಿಗಿ ಹಾಕಿ ಕೊಟ್ಟಿದ್ದು.
ಉಸುಕು ಎದುರಿಗೆ ಮನಿ ಕಟ್ಟಸೂ ದಾನಪ್ಪಗೌಡ್ರದು,
ಕೇಳೇ ತಂದೀನಿ, ಎರಡು ಬೊಗಸಿ.
ಡಬ್ಬಿ ಎಸ್ತೇರಬಾಯಿದು.
ಅದೊಂದು ತಿರಗಿ ಕೊಡೂದು ಉಳದೈತಿ.

ಕುಕ್ಕರಿನ ರಿಂಗು ತಗದೆ, ಸೀಟಿ ತಗದೆ.
ಸೀಟಿ ಇಲ್ಲದ ಕುಕ್ಕರು, ಹಲ್ಲು ಬಿದ್ದ ಮುದುಕಿಹಂಗ,
ತುಟಿ ಮುಚಗೊಂಡು ಕಾಯತೈತಿ.
ಉಸುಕು ಸಾಣಿಸಿದೆ. ಮೈದಾ ಸಾಣಿಸಿದೆ.
ಜರಡಿ ಬ್ಯಾರೆ ಬ್ಯಾರೆ ಅಂತ
ಹೊಸ್ತಿಲದಾಗ ಕಾವಲಾ ಕುಂತ ಅತ್ತಿಗೆ ಎರಡು ಸಲ ಹೇಳಿದೆ.

‘ತತ್ತಿ?’
‘ಇಲ್ಲ.’
‘ಖರೇನ?’
‘ಮೊಸರು, ಅತ್ತೆವ್ವಾ, ಬರೇ ಮೊಸರು.’
ಮೊಸರಿನ್ಯಾಗ ಸೋಡಾ ಬಿದ್ದು ಉಸ್ ಅಂತು,
ಅದಕ್ಕೂ ಬ್ಯಾಸರಾದಂಗ.

ಪೇರಲ ಬೀಜದ ಜೋಡಿ ಜಗಳ ಮುಗಿಯೂದಲ್ಲ.
ಕುದಿಸು, ಹಿಚುಕು, ಸೋಸು,
ಆದರೂ ನಾಲ್ಕು ತಪ್ಪಿಸಿಕೊಂಡು ಉಳೀತಾವ,
ಮಾವನ ಹಲ್ಲಿನ ಸಂದಿ ಹುಡಿಕ್ಕೊಂಡು ಹೋಗಿ ಕೂಡತಾವ.

ಮ್ಯಾಲೆ ಹಾಕೂ ಉದುರು:
ಮೈದಾ, ಸಕ್ಕರಿ, ತಣ್ಣನ ಬೆಣ್ಣಿ
ಬೆರಳ ತುದಿಲೆ ತಿಕ್ಕಿ, ಮಾದಲಿ ಹದಕ್ಕ ಬಂದಾಗ ಬಿಡು.
ಎಸ್ತೇರಬಾಯಿ ಅದಕ್ಕ ಇಂಗ್ಲೀಷಿನ್ಯಾಗ ಏನೋ ಅಂತಿದ್ಲು,
ನನಗ ಮಾದಲಿ ಅಂತನ ಕೇಳಸ್ತು.

ಆಗ ನಾವು ರೇಲ್ವೆ ಕ್ವಾರ್ಟರ್ಸಿನ್ಯಾಗ.
ಮೋಟು ಗೋಡಿ, ಆಚೆ ಆಕಿ, ಈಚೆ ನಾ.
ಆಕಿ ಗಂಡ ಮಾಲಗಾಡಿ ಗಾರ್ಡು,
ಎರಡೆರಡು ದಿನ ಪತ್ತೇನ ಇಲ್ಲ.
ಅಂವ ಬರೂ ದಿನ ಗೋಡಿ ಹಾರಿ ವಾಸನಿ ಬರತಿತ್ತು,
ನಮ್ಮ ಹುಳಿಬ್ಯಾಳಿಗೆ ನಾಚಿಕಿ ಬರೂಹಂಗ.
ಹೆಂಗ ಮಾಡತೀರಿ ಅಂತ ಕೇಳಿದೆ ಒಂದು ದಿನ.
ಅರಿವಿ ಒಣಗಸೂ ಚಿಮಟಾ ಹಲ್ಲಿನ್ಯಾಗ ಕಚ್ಚಿಕೊಂಡು
ಹೇಳಿದ್ಲು ಎಲ್ಲಾ. ಹೆಸರೂ ಹೇಳಿದ್ಲು:
ಕಾಫಿ ಕೇಕು.

ನಮ್ಮದು ಚಾ ಕುಡಿಯೂ ಮನಿ.
ದುರ್ಗದಬೈಲಿಗೆ ಹೋಗಿ ಕಾಫಿಪುಡಿ ತಂದೆ,
ಕರ್ರಗ ಕುದಿಸಿ ಹಿಟ್ಟಿಗೆ ಸುರದೆ.
ಗಂಗಾಳದಾಗ ನಾಲ್ಕು ತುಂಡು ಇಟ್ಟು
ಮ್ಯಾಲೆ ಕ್ರೋಶಾ ಹೊಚ್ಚಿ ಒಯ್ದೆ.
ಕಡದ್ಲು. ಸುಮ್ಮನಾದ್ಲು. ನನ್ನ ಮಾರಿ ನೋಡಿದ್ಲು.
‘ಛಲೋ ಆಗೈತಿ, ನೀಲವ್ವಾ’ ಅಂದು
ಎರಡನೇ ತುಂಡಿಗೆ ಕೈ ಹಾಕಿದ್ಲು.

ಹಂಗ ಹನ್ನೊಂದು ವರ್ಷ.

ಮೊನ್ನೆ ಶೈಲಾ, ನರ್ಸಿಂಗ್ ಕಲಿಯಾಕಿ ನನ್ನ ಮಗಳು,
ಹಾಸ್ಟೆಲಿನಿಂದ ಬಂದು ನಕ್ಕೋತ ಹೇಳಿದ್ಲು:
ಅವ್ವಾ, ಕಾಫಿ ಜೋಡಿ ತಿನ್ನೂದಕ್ಕ ಆ ಹೆಸರು,
ಒಳಗ ಯಾರೂ ಕಾಫಿ ಹಾಕೂದಿಲ್ಲ.
ನಾ ಕಟ್ಟಿಮ್ಯಾಲೆ ಕುಂತುಬಿಟ್ಟೆ.
ಹನ್ನೊಂದು ವರ್ಷದ ತುಂಡು ಎಣಿಸಾಕ ಹತ್ತಿದೆ,
ಆಕಿ ಮಾರಿ ಒಂದೊಂದ ಸಲ ಹೆಂಗಿತ್ತು ಅಂತ.

ಆಮ್ಯಾಲೆ ನೆನಪಾತು.
ಗಾರ್ಡ ರಿಟೈರಾಗಿ ಬೆಟಗೇರಿಗೆ ಹೋಗೂ ದಿನ
ಲಾರಿ ತುಂಬೂದು ಬಿಟ್ಟು ಬಂದು, ಈ ಡಬ್ಬಿ ನನ್ನ ಕೈಯಾಗ ಇಟ್ಲು,
ಒಳಗ ಆಕಿ ಮಾಡಿದ ಕಡೀ ಕೇಕು, ಇನ್ನೂ ಬಿಸಿ.
ಮುಚ್ಚಳ ತಗದರ
ಒಳಗಿಂದ ಕಾಫಿ ವಾಸನಿ.
ಅವತ್ತು ಅದರಾಗ ಏನೂ ವಿಶೇಷ ಕಾಣಲಿಲ್ಲ ನನಗ.

ವರ್ಕಶಾಪಿನ ಊಟದ ಭೋಂಗಾ ಹೊಡೀತು.
ಆಕಿ ಹೇಳಿಕೊಟ್ಟ ಗಡಿಯಾರ ಅದೊಂದ:
ಊಟಕ್ಕ ಬಿಟ್ಟಾಗ ಇಡು, ತಿರಗಿ ಒಳಗ ಕರದಾಗ ಇಳಸು.
ಚಮಚಾ ಹಿಡಕೊಂಡು ನಿಂತೀನಿ, ತುಂಬ ಕಾಫಿಪುಡಿ.
ಶೈಲಾ ನೋಡಾಕತ್ತಾಳ.
ಹಾಕಿದೆ.
ಮತ್ತರ್ಧ ಚಮಚಾನೂ ಹಾಕಿದೆ.

‘ಅದೇನದು ಕರ್ರಗ?’ ಅತ್ತಿ ಹೊಸ್ತಿಲದಿಂದ.
‘ತತ್ತಿ ಅಲ್ಲ’ ಅಂದೆ.

ಎರಡನೇ ಭೋಂಗಾಕ್ಕ ಇಳಿಸಿದರ
ನಡುವ ಒಂದೀಟು ಕುಸದೈತಿ.
ಸುತ್ತ ಛಲೋ ಉಬ್ಬೈತಿ.
ನಾಳೆ ಮುಂಜಾನೆ ಗದಗ ಪ್ಯಾಸೆಂಜರಿಗೆ
ಡಬ್ಬಿ ಸಹಿತ ಒಯ್ಯಬೇಕು.
ಡಬ್ಬಿ ಕೊಡತೀನೋ ಇಲ್ಲೋ, ಅಲ್ಲಿ ಹೋಗಿ ನೋಡೂಣು.